ರಕ್ಷಣೆ ಹೊಂದಿದ ದಿನ ನೆನಪಿಲ್ಲದವರ ಭಯ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ನನ್ನ ಬಳಿಗೆ ಬಂದ ಸಹೋದರಿ ಶಾಲಾ ಶಿಕ್ಷಕಿ, ತಲೆಮಾರುಗಳಿಂದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟಂಟ್ ಕ್ರೈಸ್ತ ಸಭೆಗೆ ಸೇರಿದ ಮನೆತನದವರು. ಶೈಶವದಲ್ಲಿ ದೀಕ್ಷಾಸ್ನಾನ, ಹದಿಹರೆಯದಲ್ಲಿ ದೃಢೀಕರಣ (ನಂಬಿಕೆಯನ್ನು ತಾವೇ ಸಭೆಯ ಮುಂದೆ ಒಪ್ಪಿಕೊಳ್ಳುವ ವಿಧಿ) ಆಗಿದ್ದ ಅವರನ್ನು, "ನೀವು ರಕ್ಷಣೆ ಹೊಂದಿದ ದಿನ ಯಾವುದು?" (ಎಂದರೆ, ಕ್ರಿಸ್ತನನ್ನು ನಂಬಿ ಪಾಪದಿಂದ ಬಿಡುಗಡೆ ಪಡೆದ ದಿನ) ಎಂದು ಭಕ್ತಿಯನ್ನು ಹೊಸದಾಗಿ ಎಚ್ಚರಿಸುವ ಉಜ್ಜೀವನ ಕೂಟವೊಂದರಲ್ಲಿ ಪ್ರಸಂಗಿಗಳು ಕೇಳಿದ ಪ್ರಶ್ನೆ ಕಂಗೆಡಿಸಿತ್ತು. ಅಂದು ಕೈಯೆತ್ತಿ, ಪಾಪವನ್ನು ಒಪ್ಪಿಕೊಂಡು ಕ್ರಿಸ್ತನನ್ನು ರಕ್ಷಕನಾಗಿ ಸ್ವೀಕರಿಸುವ 'ಪಾಪಿಯ ಪ್ರಾರ್ಥನೆ'ಯನ್ನು ಹೇಳಿದರು. ಆದರೆ ಅದನ್ನು ಪೂರ್ಣ ಮನಸ್ಸಿನಿಂದ ಹೇಳಿದೆನೋ ಇಲ್ಲವೋ ಎಂಬ ಸಂಶಯ ಹುಟ್ಟಿ, ಅದೇ ಪ್ರಾರ್ಥನೆಯನ್ನು ರಾತ್ರಿಯೆಲ್ಲ ಮತ್ತೆ ಮತ್ತೆ ಹೇಳುವಂತಾಯಿತು. ಅಯೋಗ್ಯವಾಗಿ ತೆಗೆದುಕೊಂಡೇನೆಂಬ ಅಂಜಿಕೆಯಿಂದ ಕ್ರಿಸ್ತನ ಮರಣದ ನೆನಪಿಗಾಗಿ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಹಂಚಿಕೊಳ್ಳುವ ಕರ್ತನ ಭೋಜನವನ್ನೂ ಬಿಟ್ಟಿದ್ದರು.

ಅವರ ಮಾತನ್ನು ಕೇಳುತ್ತ ನಾನು ಗಮನಿಸಿದ್ದು ಇಷ್ಟು: ತಮ್ಮ ನಂಬಿಕೆಯ ಬಗ್ಗೆ, ಅದರ ಕೊರತೆಯ ಬಗ್ಗೆ ಅವರು ಬಹಳ ಹೇಳಿದರು, ಕ್ರಿಸ್ತನ ಬಗ್ಗೆ ಏನೂ ಹೇಳಲಿಲ್ಲ. ಆದ್ದರಿಂದ ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯವನ್ನು ಇಬ್ಬರೂ ಕೂಡಿ ಓದಿದೆವು. ಅಲ್ಲಿ ಒಬ್ಬ ತಂದೆ ಕಾಯಿಲೆಯ ಮಗನನ್ನು ಯೇಸುವಿನ ಬಳಿಗೆ ತರುತ್ತಾನೆ. ನಂಬುತ್ತೇನೆ ಎಂದು ಹೇಳಿದ ಉಸಿರಿನಲ್ಲೇ ತನ್ನ ಅಪನಂಬಿಕೆಗೆ ಸಹಾಯ ಬೇಡಿದ ಆ ತಂದೆಯ ನಂಬಿಕೆ ಎಷ್ಟು ಗಟ್ಟಿಯೆಂದು ಯೇಸು ಅಳೆಯಲಿಲ್ಲ, ಮಗನನ್ನು ಗುಣಪಡಿಸಿದನು. ಪೌಲನಿಗೆ ದಮಸ್ಕದ ದಾರಿಯಲ್ಲಿ ಒಮ್ಮೆಲೇ ಮನತಿರುಗಿದ ಅನುಭವವಿತ್ತು ನಿಜ, ಆದರೆ ಅವನ ಜೊತೆಗಾರ ತಿಮೊಥೆಯನು ಚಿಕ್ಕಂದಿನಿಂದಲೇ ಪವಿತ್ರ ಗ್ರಂಥಗಳನ್ನು ಬಲ್ಲವನಾಗಿದ್ದನೆಂದಷ್ಟೇ ಓದುತ್ತೇವೆ. ಅವನು ನಂಬಿದ ದಿನ ಯಾವುದೆಂದು ಎಲ್ಲಿಯೂ ಬರೆದಿಲ್ಲ.

ಇಬ್ರಿಯರಿಗೆ ಬರೆದ ಪತ್ರದ 6ನೆಯ ಅಧ್ಯಾಯ ಅವರನ್ನು ಹೆಚ್ಚು ಹೆದರಿಸಿತ್ತು. ನಂಬಿಕೆಯಿಂದ ಬಿದ್ದುಹೋದವರನ್ನು ಮತ್ತೆ ತಿರುಗಿಸುವುದು ಅಸಾಧ್ಯವೆಂಬ ಅಲ್ಲಿನ ಎಚ್ಚರಿಕೆ ಕ್ರಿಸ್ತನನ್ನು ತಿಳಿದೂ ತಿರಸ್ಕರಿಸಿ ಹೋಗುವವರನ್ನು ಕುರಿತದ್ದೆಂದೂ, ಅವನನ್ನು ಕಳೆದುಕೊಂಡೇನೆಂದು ಅಳುವವರ ಲಕ್ಷಣ ಅದಲ್ಲವೆಂದೂ ವಿವರಿಸಿದೆ. ನಿಜವಾದ ವಿಶ್ವಾಸಿಯೂ ತನಗೆ ರಕ್ಷಣೆ ದೊರೆತಿದೆಯೆಂಬ ನಿಶ್ಚಯಕ್ಕಾಗಿ ಬಹುಕಾಲ ಕಾದು ಹೆಣಗಬೇಕಾಗಬಹುದೆಂದು 1646ರಲ್ಲಿ ರಚಿತವಾದ, ಪ್ರೊಟೆಸ್ಟಂಟ್ ಬೋಧನೆಯ ಸಾರವನ್ನು ಹೇಳುವ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣವೇ ಒಪ್ಪಿಕೊಂಡಿದೆ. ಮಠದಲ್ಲಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡಿಯೂ ಸಮಾಧಾನ ಕಾಣದ, ಮುಂದೆ ಸಭೆಯ ಸುಧಾರಕನಾದ ಮಾರ್ಟಿನ್ ಲೂಥರನಿಗೆ ಅವನ ಹಿರಿಯನಾದ ಸ್ಟೌಪಿಟ್ಸ್ ಕ್ರಿಸ್ತನ ಗಾಯಗಳನ್ನು ನೋಡೆಂದು ಹೇಳಿದ್ದನ್ನೂ ತಿಳಿಸಿದೆ. ಇದನ್ನು ಕೇಳಿ ಅವರು ಬಹಳ ಹೊತ್ತು ಅತ್ತರು.

ಮಾತಿನ ನಡುವೆ ಇನ್ನೊಂದು ಸಂಗತಿ ಹೊರಬಂತು: ಬಾಗಿಲ ಚಿಲಕ, ಗ್ಯಾಸ್ ಒಲೆ ಇವುಗಳನ್ನೂ ಅವರು ಹಲವು ಸಲ ಪರೀಕ್ಷಿಸುತ್ತಿದ್ದರು. ಇದು ಗೀಳು ಕಾಯಿಲೆ (ಒ.ಸಿ.ಡಿ.) ಇರಬಹುದೆಂದು, ಅದು ದೇವರ ಮೇಲಿನ ಭಕ್ತಿಯ ಕೊರತೆಯಲ್ಲವೆಂದು ಸ್ಪಷ್ಟವಾಗಿ ಹೇಳಿ ಮನೋವೈದ್ಯರ ಬಳಿಗೆ ಕಳುಹಿಸಿದೆ. ವೈದ್ಯರೂ ಅದನ್ನೇ ಗುರುತಿಸಿ ಚಿಕಿತ್ಸೆ ಆರಂಭಿಸಿದರು. ಇಂಥ ಕಾಯಿಲೆಗೆ ಉಪವಾಸವನ್ನೋ ಇನ್ನಷ್ಟು ಪ್ರಾರ್ಥನೆಯನ್ನೋ ಮದ್ದಾಗಿ ಹೇಳುವುದು ಕ್ರೌರ್ಯವೆಂದೇ ನನ್ನ ಅಭಿಪ್ರಾಯ.

ವೈದ್ಯರೊಡನೆ ಸಮಾಲೋಚಿಸಿ ನಾನು ಕೊಟ್ಟ ಸಲಹೆ ಹೀಗಿತ್ತು. ಆ ಪಾಪಿಯ ಪ್ರಾರ್ಥನೆಯನ್ನು ಮತ್ತೆ ಹೇಳಬಾರದು, ಏಕೆಂದರೆ ಪ್ರತಿ ಸಲ ಹೇಳಿದಾಗಲೂ ಹಿಂದಿನದು ಸಾಲದೆಂಬ ಸಂಶಯವೇ ಬಲಿಯುತ್ತದೆ. ಭಯ ಬಂದಾಗ ಅದರೊಡನೆ ವಾದಕ್ಕಿಳಿಯದೆ ಕೈಯಲ್ಲಿರುವ ಕೆಲಸವನ್ನು ಮುಂದುವರಿಸಬೇಕು. "ನಾನು ರಕ್ಷಣೆ ಹೊಂದಿದ್ದೇನೆಯೇ, ರೀ?" ಎಂದು ನಡುರಾತ್ರಿ ಎಬ್ಬಿಸಿ ಕೇಳಿದರೆ ಪತಿ ಪ್ರೀತಿಯಿಂದ ಕೈಹಿಡಿಯಲಿ, ಉತ್ತರ ಕೊಡುವುದು ಬೇಡ, ಏಕೆಂದರೆ ಅದೂ ಸಂಶಯವನ್ನೇ ಬಲಿಸುತ್ತದೆ. ನೆಮ್ಮದಿ ಬರುವ ತನಕ ಕಾಯದೆ ಕರ್ತನ ಭೋಜನಕ್ಕೆ ಹೋಗಬೇಕು. ಅದು ಬಲಹೀನರಿಗಾಗಿಯೇ ಇರುವ ಮೇಜು.

ಈಗ ಅವರು ಭೋಜನದಲ್ಲಿ ಪಾಲ್ಗೊಳ್ಳುತ್ತಿದ್ದಾರೆ. ಸಂಶಯ ಆಗಾಗ ಬರುತ್ತದೆ, ಚಿಕಿತ್ಸೆ ಮುಂದುವರಿದಿದೆ. ಅವರ ಒಪ್ಪಿಗೆ ಪಡೆದು ಸಭಾಪಾಲಕರೊಡನೆಯೂ ಮಾತನಾಡಿದ್ದೇನೆ: ಮುಂದಿನ ಕೂಟಗಳಲ್ಲಿ ದಿನಾಂಕ ಕೇಳುವುದರ ಬದಲು, ಇಂದು ಯಾರನ್ನು ನಂಬಿದ್ದೀರಿ ಎಂದು ಕೇಳುವಂತೆ ಅತಿಥಿ ಪ್ರಸಂಗಿಗಳಿಗೆ ತಿಳಿಸಲು ಅವರು ಒಪ್ಪಿದ್ದಾರೆ.