ಕಾವಲಿಗೆ ತಾಗಿದ ಬೆರಳು ಮೆದುಳಿಗಾಗಿ ಕಾಯುವುದಿಲ್ಲ

ನಮಸ್ಕಾರ.

ನೀವು ಕಳಿಸಿದ ‘ಮೆದುಳೆಂಬ ಮಹಾರಾಜ’ ಲೇಖನವನ್ನು ಎರಡು ಸಲ ಓದಿದೆ. ಕಾಗುಣಿತ ಚೊಕ್ಕವಾಗಿದೆ. ಮೆದುಳಿನ ಭಾಗಗಳ ಹೆಸರುಗಳೆಲ್ಲ ಸರಿಯಾಗಿವೆ. ಹೈಸ್ಕೂಲು ಮಕ್ಕಳಿಗೂ ತಿಳಿಯುವ ಹಾಗೆ ಬರೆಯಬೇಕು ಎಂಬ ಆಸೆ ಒಳ್ಳೆಯದು. ಆದರೆ ಈಗ ಇರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಓದುತ್ತಾ ಎರಡು ಕಡೆ ನಿಂತುಬಿಟ್ಟೆ. ಒಂದು ಕಡೆ ಸಿಟ್ಟು ಬಂತು, ಇನ್ನೊಂದು ಕಡೆ ಸಂಕಟವಾಯಿತು. ಅವೆರಡರ ಬಗ್ಗೆ ಮಾತ್ರ ಬರೆಯುತ್ತೇನೆ.

ಸಿಟ್ಟು ಬಂದದ್ದು ಎರಡನೇ ಪುಟದ ಈ ಸಾಲಿಗೆ: “ಬಿಸಿ ಕಾವಲಿಗೆ ಬೆರಳು ತಾಗಿದೊಡನೆ ನರಗಳೆಂಬ ತಂತಿಗಳಲ್ಲಿ ವಿದ್ಯುತ್ ವೇಗದಲ್ಲಿ ಸುದ್ದಿ ಮೆದುಳಿಗೆ ಮುಟ್ಟುತ್ತದೆ, ಮಹಾರಾಜನು ಆಜ್ಞಾಪಿಸುತ್ತಾನೆ, ಕೈ ಹಿಂದೆ ಸರಿಯುತ್ತದೆ.”

ಒಂದೊಂದಾಗಿ ನೋಡೋಣ.

‘ತಂತಿ’ ಎಂದಿರಿ. ನರದ ಎಳೆಯಲ್ಲಿ ಸುದ್ದಿ ಹೋಗುವ ರೀತಿಯೇ ಬೇರೆ. ಎಳೆಯ ಒಂದು ಜಾಗದಲ್ಲಿ ಸಣ್ಣ ಬಾಗಿಲುಗಳು ತೆರೆದು, ಹೊರಗಿದ್ದ ಸೋಡಿಯಂ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ಒಳಗೆ ನುಗ್ಗುತ್ತವೆ. ಅದರಿಂದ ಪಕ್ಕದ ಜಾಗದ ಬಾಗಿಲುಗಳು ತೆರೆಯುತ್ತವೆ. ಅಲ್ಲಿಂದ ಅದರ ಪಕ್ಕದ್ದು. ದೀಪಾವಳಿಯ ಪಟಾಕಿ ಸರ ನೆನಪಿಸಿಕೊಳ್ಳಿ. ಒಂದು ಸಿಡಿದು ಮುಂದಿನದನ್ನು ಹಚ್ಚುತ್ತದೆ, ಕೊನೆಯ ಪಟಾಕಿಯ ಸದ್ದು ಮೊದಲನೆಯದರಷ್ಟೇ ಜೋರಾಗಿರುತ್ತದೆ. ಸುದ್ದಿ ದಾರಿಯಲ್ಲಿ ಸೊರಗುವುದಿಲ್ಲ. ಒಂದೇ ವ್ಯತ್ಯಾಸ, ಪಟಾಕಿ ಸರ ಒಮ್ಮೆ ಸುಟ್ಟರೆ ಮುಗಿಯಿತು. ನರದ ಎಳೆ ಸೆಕೆಂಡಿನ ಸಾವಿರದ ಕೆಲವೇ ಭಾಗಗಳಲ್ಲಿ ಮತ್ತೆ ಸಿಡಿಯಲು ತಯಾರಾಗುತ್ತದೆ.

ಇನ್ನೊಂದು ಮಾತು. ತಂತಿಯ ನಡುವೆ ಕಡಿದಿದ್ದರೆ ಬಲ್ಬು ಉರಿಯುವುದಿಲ್ಲ. ನರಕೋಶಗಳ ನಡುವೆಯೋ, ಸಾಮಾನ್ಯವಾಗಿ ಸಣ್ಣ ಕಂಡಿ ಇದ್ದೇ ಇರುತ್ತದೆ. ಸುದ್ದಿಯನ್ನು ಅದರಾಚೆ ದಾಟಿಸುವುದು ರಾಸಾಯನಿಕ. 1921ರಲ್ಲಿ ಆಸ್ಟ್ರಿಯಾದ ವಿಜ್ಞಾನಿ ಆಟೋ ಲೋವಿ ಕಪ್ಪೆಯ ಹೃದಯ ತೆಗೆದು ಉಪ್ಪುನೀರಿನಲ್ಲಿಟ್ಟು, ಅದಕ್ಕೆ ಅಂಟಿಕೊಂಡಿದ್ದ ನರವನ್ನು ಕೆಣಕಿದರು. ಬಡಿತ ನಿಧಾನವಾಯಿತು. ಆ ನೀರನ್ನೇ ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ಅದರ ನರವನ್ನು ಯಾರೂ ಮುಟ್ಟಿರಲಿಲ್ಲ, ಆದರೂ ಅದೂ ನಿಧಾನವಾಯಿತು. ಸುದ್ದಿ ನೀರಿನಲ್ಲಿ ಬಂದಿತ್ತು! ನಿಮ್ಮ ‘ತಂತಿ’ ಎಂಬ ಒಂದು ಪದ ಇಷ್ಟು ಚೆಂದದ ಸಂಗತಿಯನ್ನು ನುಂಗಿಹಾಕಿತು.

‘ವಿದ್ಯುತ್ ವೇಗ’. ತಾಮ್ರದ ತಂತಿಯಲ್ಲಿ ಸುದ್ದಿ ಸೆಕೆಂಡಿಗೆ ಲಕ್ಷ ಕಿಲೋಮೀಟರುಗಳ ಲೆಕ್ಕದಲ್ಲಿ ಓಡುತ್ತದೆ. ನರದಲ್ಲಿ? 1850ರ ಹೊತ್ತಿಗೆ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ನರವನ್ನು ಸ್ನಾಯುವಿನ ಹತ್ತಿರ ಒಮ್ಮೆ, ದೂರದಲ್ಲಿ ಒಮ್ಮೆ ಕೆಣಕಿ, ಸ್ನಾಯು ಮಿಡಿಯಲು ಹಿಡಿದ ಹೊತ್ತಿನ ವ್ಯತ್ಯಾಸ ಅಳೆದರು. ಸೆಕೆಂಡಿಗೆ ಸುಮಾರು 27 ಮೀಟರ್ ಬಂತು. ಹೈವೇಯಲ್ಲಿ ಹೋಗುವ ಕಾರಿನ ವೇಗ ಅಷ್ಟೆ. ನಮ್ಮ ಮೈಯಲ್ಲಿ ಕೊಬ್ಬಿನ ಹೊದಿಕೆ ಇರುವ ದಪ್ಪ ಎಳೆಗಳಲ್ಲಿ ಇದು 100 ಮೀಟರ್‌ವರೆಗೂ ಹೋಗುತ್ತದೆ. ಉರಿಯುವ ನೋವನ್ನು ಒಯ್ಯುವ ಸಪೂರ ಎಳೆಗಳಲ್ಲಿ ಒಂದು ಮೀಟರಿನ ಆಸುಪಾಸು. ಹೊಸ್ತಿಲು ಎಡವಿದಾಗ ಗಮನಿಸಿ. ಮೊದಲು ಬೆರಳು ಬಡಿದದ್ದು ಗೊತ್ತಾಗುತ್ತದೆ, ಚುರ್ ಎನ್ನುತ್ತದೆ. ಆಮೇಲೆ ಒಂದು ಗಳಿಗೆ ಬಿಡುವು. ‘ಈಗ ಬರುತ್ತೆ’ ಅಂತ ಹಲ್ಲು ಕಚ್ಚಿ ಕಾಯುತ್ತೇವೆ, ಅಲ್ವಾ? ಆಮೇಲೆ ಆ ಜುಮ್ಮೆನ್ನುವ ದೊಡ್ಡ ನೋವು ಬರುತ್ತದೆ. ಎರಡು ಬೇರೆ ಬೇರೆ ವೇಗದ ಎಳೆಗಳಲ್ಲಿ ಎರಡು ಸುದ್ದಿ ಹೊರಟಿದ್ದವು. ಇದು ಓದುಗರ ಕಾಲ್ಬೆರಳಿನಲ್ಲೇ ಇರುವ ಅನುಭವ. ‘ವಿದ್ಯುತ್ ವೇಗ’ ಎಂದು ಬರೆದು ನೀವು ಅದನ್ನು ಅವರಿಂದ ಕಿತ್ತುಕೊಂಡಿರಿ.

ಇನ್ನು ‘ಆಜ್ಞಾಪಿಸುತ್ತಾನೆ’. ಇದಂತೂ ತಪ್ಪೇ. ಕಾವಲಿ ತಾಗಿದ ಸುದ್ದಿ ಬೆನ್ನುಹುರಿಗೆ ಹಿಂಬದಿಯಿಂದ ಒಳಗೆ ಬರುತ್ತದೆ. ಅಲ್ಲೇ ಒಂದೆರಡು ನರಕೋಶ ದಾಟಿ, ಮುಂಬದಿಯಿಂದ ತೋಳಿನ ಸ್ನಾಯುಗಳಿಗೆ ಹೊರಡುತ್ತದೆ. ಮೆದುಳಿಗೂ ಸುದ್ದಿ ಹೋಗುತ್ತದೆ, ನಿಜ. ಆದರೆ ‘ಅಯ್ಯೋ, ಸುಟ್ಟಿತು’ ಎಂದು ಅನ್ನಿಸುವ ಹೊತ್ತಿಗೆ ಕೈ ಆಗಲೇ ಸರಿದಿರುತ್ತದೆ.

ಹಾಗಂತ ಮೆದುಳಿಗೆ ಇಲ್ಲಿ ಕೆಲಸವೇ ಇಲ್ಲ ಅಂತಲೂ ಅಲ್ಲ. ನನ್ನ ಅಮ್ಮ ಸಾರಿನ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಇಳಿಸುವಾಗ ಬಟ್ಟೆ ಜಾರಿ ಬೆರಳು ಸುಟ್ಟಿತು. ಕಾಲ ಬುಡದಲ್ಲಿ ನನ್ನ ತಂಗಿ ಅಂಬೆಗಾಲಿಡುತ್ತಿದ್ದಳು. ಅಮ್ಮ ಪಾತ್ರೆ ಬಿಡಲಿಲ್ಲ. ಎರಡು ಹೆಜ್ಜೆ ನಡೆದು ಕಟ್ಟೆಯ ಮೇಲಿಟ್ಟು ಆಮೇಲೆ ಕೈ ನೀರಿಗೆ ಹಿಡಿದರು. ಬೆನ್ನುಹುರಿ ‘ಬಿಡು’ ಎನ್ನುತ್ತಿರುವಾಗ ಮೇಲಿನಿಂದ ‘ತಡಿ’ ಎಂಬ ಸುದ್ದಿ ಬಂದು ಅದನ್ನು ಅದುಮಿ ಹಿಡಿಯಿತು. ತಾನೇ ಸರಿಯುವ ಕೈ, ಸರಿಯದಂತೆ ತಡೆಯುವ ಮೆದುಳು, ಎರಡೂ ಒಂದೇ ಅಡುಗೆಮನೆಯಲ್ಲಿವೆ. ‘ಮಹಾರಾಜ’ ಎಂದ ಕೂಡಲೇ ಎರಡೂ ಕಾಣೆಯಾದವು.

ನಿಮ್ಮ ವಯಸ್ಸಿನಲ್ಲಿ ನಾನೂ ಹೀಗೇ ಬರೆಯುತ್ತಿದ್ದೆ. ಒಂದು ಮಾಸಪತ್ರಿಕೆಗೆ ಕೊಟ್ಟ ನನ್ನ ಲೇಖನ ‘ಮೆದುಳು ಬೆಣ್ಣೆಯಷ್ಟು ಮೃದು’ ಎಂದು ಶುರುವಾಗಿತ್ತು. ಸಂಪಾದಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮುಟ್ಟಿದ್ದೀಯೇನಪ್ಪಾ?” ಎಂದರು. ಇಲ್ಲ ಎಂದೆ. “ಮುಟ್ಟಿ ಬಾ.” ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ. ಅಲ್ಲಿಗೆ ಹೋದೆ. ಕೈಗವಸು ಹಾಕಿಕೊಂಡು ಎರಡು ಕೈ ಚಾಚಿದೆ, ಮೆದುಳನ್ನು ಇಟ್ಟರು. ಒಂದು ಕಿಲೋ ಮೀರಿದ ತೂಕ. ಮೆದುಳು ಕೆಡದಂತೆ ಹಾಕಿಡುವ ಫಾರ್ಮಲಿನ್ ದ್ರಾವಣದ ವಾಸನೆಗೆ ಕಣ್ಣು ಉರಿಯಿತು. ಬೆಣ್ಣೆಯಂತೆ ಇರಲಿಲ್ಲ, ಒತ್ತಿದರೆ ರಬ್ಬರಿನ ಹಾಗೆ ಗಟ್ಟಿ. ಕೈ ನಡುಗಿತು. ಇದರೊಳಗೆ ಯಾರದೋ ಮಕ್ಕಳ ಹೆಸರು, ಯಾವುದೋ ಊರಿನ ದಾರಿ ಎಲ್ಲ ಇತ್ತಲ್ಲ ಅನ್ನಿಸಿತು. ವಾಪಸ್ ಬಂದು, ಗಟ್ಟಿಯಾಗಿತ್ತು ಸಾರ್ ಎಂದೆ. “ಫಾರ್ಮಲಿನ್‌ನಿಂದ ಹಾಗಾಗುತ್ತೆ. ತಲೆಯೊಳಗಿರುವಾಗ ಮೆತ್ತಗೇ ಇರುತ್ತೆ. ನಿನ್ನ ಸಾಲು ಸರಿಯೇ ಇತ್ತು, ಆದರೆ ಅದು ನಿನ್ನದಾಗಿರಲಿಲ್ಲ. ಈಗ ಎರಡನ್ನೂ ಬರಿ” ಎಂದರು. ಆ ಲೇಖನವನ್ನು ಐದು ಸಲ ತಿದ್ದಿಸಿದರು. ಆ ಐದು ಪ್ರತಿಗಳೂ ಈಗಲೂ ನನ್ನ ಹತ್ತಿರ ಇವೆ.

ಈಗ ಸಂಕಟದ ವಿಷಯ. ಲೇಖನದ ಕೊನೆಗೆ, ಜಾಗ ಉಳಿಯಿತು ಎಂಬಂತೆ, ನೀವು ಬರೆದಿದ್ದೀರಿ: “ಲಕ್ವ ಹೊಡೆದ ಮೇಲೆ ನನ್ನಜ್ಜಿ ತಮ್ಮ ಎಡಗೈ ತೋರಿಸಿ ‘ಇದು ಯಾರ ಕೈ, ಹಾಸಿಗೆಯಿಂದ ಆಚೆ ಹಾಕಿ’ ಎನ್ನುತ್ತಿದ್ದರು. ಅರಳುಮರಳು ಎಂದು ಎಲ್ಲರೂ ಸುಮ್ಮನಾದರು. ಮೆದುಳಿನ ಲೀಲೆ ಅಪಾರ!”

ಕೊನೆಯ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಲೀಲೆ ಎಂದರೆ ಮಾತು ಮುಗಿಯಿತು, ಮುಂದೆ ಯಾರೂ ಕೇಳುವ ಹಾಗಿಲ್ಲ. ಇಲ್ಲಿ ಕೇಳಬೇಕಾದದ್ದು ಬಹಳ ಇದೆ. ಎಡಮೈಯನ್ನು ನೋಡಿಕೊಳ್ಳುವುದು ಮೆದುಳಿನ ಬಲಭಾಗ. ಅಲ್ಲಿಗೆ ರಕ್ತ ಹರಿಯುವುದು ನಿಂತು ಪೆಟ್ಟಾದ ಕೆಲವರಲ್ಲಿ ಕೈ ಬೀಳುವುದಷ್ಟೇ ಅಲ್ಲ, ‘ಈ ಕೈ ನನ್ನದು’ ಎಂಬ ಅರಿವೂ ಹೋಗುತ್ತದೆ. ಇನ್ನು ಕೆಲವರು ತಮಗೆ ಲಕ್ವ ಆಗಿದೆ ಎಂಬುದನ್ನೇ ಒಪ್ಪುವುದಿಲ್ಲ. ಪ್ಯಾರಿಸ್ಸಿನ ವೈದ್ಯ ಬಾಬಿನ್ಸ್ಕಿ 1914ರಲ್ಲೇ ಆ ಸ್ಥಿತಿಗೆ ಒಂದು ಹೆಸರು ಕೊಟ್ಟಿದ್ದರು. ನಿಮ್ಮ ಅಜ್ಜಿಯದು ಹಟವಲ್ಲ, ಅರಳುಮರಳೂ ಆಗಬೇಕಾಗಿಲ್ಲ. ಅವರಿಗೆ ನಿಜವಾಗಿಯೂ ಹಾಸಿಗೆಯಲ್ಲಿ ಬೇರೆ ಯಾರದೋ ಕೈ ಬಿದ್ದಿತ್ತು. ಎಷ್ಟು ಭಯವಾಗಿರಬೇಕು ಅವರಿಗೆ! ಇಂಥ ಅಜ್ಜ, ಅಜ್ಜಿ ಇರುವ ಎಷ್ಟೋ ಮನೆಗಳಲ್ಲಿ ಈಗಲೂ ‘ಸುಮ್ನೆ ಮಲಗು’ ಎಂದು ಗದರುತ್ತಿದ್ದಾರೆ. ಅವರ ಕೈಗೆ ನಿಮ್ಮ ಲೇಖನ ಸಿಗಬೇಕು.

ಆದ್ದರಿಂದ ಮಹಾರಾಜನನ್ನು ಬಿಡಿ, ಅಜ್ಜಿಯಿಂದ ಶುರು ಮಾಡಿ. ಮೊದಲು ಮನೆಯಲ್ಲಿ ಕೇಳಿಕೊಳ್ಳಿ. ಆ ಕೈ ಯಾರದು ಎಂದು ಅಜ್ಜಿ ಹೇಳುತ್ತಿದ್ದರು? ಊಟ ಮಾಡುವಾಗ ತಟ್ಟೆಯ ಎಡಗಡೆ ಬಡಿಸಿದ್ದನ್ನು ಹಾಗೇ ಬಿಡುತ್ತಿದ್ದರಾ? ಎಡಗಡೆಯಿಂದ ಮಾತಾಡಿಸಿದರೆ ತಿರುಗುತ್ತಿದ್ದರಾ? ಆ ಕೈಗೆ ಬಳೆ ಹಾಕಿದ್ದರಾ, ಆ ಬಳೆ ತಮ್ಮದು ಅಂತ ಗುರುತು ಹಿಡಿಯುತ್ತಿದ್ದರಾ? ಅಜ್ಜಿಯನ್ನು ನೋಡಿಕೊಂಡವರು ನಿಮ್ಮ ಅಮ್ಮ ಎಂದು ಬರೆದಿದ್ದೀರಿ, ಅವರಿಗೆ ಇದೆಲ್ಲ ನೆನಪಿರುತ್ತದೆ. ಸಂಜೆ ಹೊತ್ತು ಕೂತು ನಿಧಾನವಾಗಿ ಕೇಳಿ, ಅವರು ಹೇಳಿದ ಹಾಗೇ ಬರೆದುಕೊಳ್ಳಿ. ಯುಗಾದಿ ಸಂಚಿಕೆಯಲ್ಲಿ ನಾಲ್ಕು ಪುಟ ನಿಮಗಾಗಿ ಇಟ್ಟಿರುತ್ತೇನೆ.