ಆಟಿಸಂ ಇರುವವರು ಚೆನ್ನಾಗಿ ಓದಿದ್ದರೂ ಕೆಲಸದಲ್ಲಿ ಉಳಿಯುವುದು ಯಾಕೆ ಕಷ್ಟವಾಗುತ್ತದೆ?

ಕಾಲೇಜಿನವರೆಗೆ ವೇಳಾಪಟ್ಟಿ, ಪಠ್ಯ, ಪರೀಕ್ಷೆಯ ದಿನ ಎಲ್ಲವನ್ನೂ ಬೇರೆಯವರೇ ಗೊತ್ತುಮಾಡಿರುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಆ ಚೌಕಟ್ಟು ಇರುವುದಿಲ್ಲ. ‘ಆ ರಿಪೋರ್ಟ್ ಸ್ವಲ್ಪ ನೋಡಿಬಿಡಿ’ ಎಂದರೆ ಬರೀ ಓದಬೇಕೋ, ತಿದ್ದಬೇಕೋ, ಇವತ್ತೇ ಮುಗಿಸಬೇಕೋ? ಉಳಿದವರು ಊಹಿಸಿಕೊಳ್ಳುವುದನ್ನು ಇವರು ಕೇಳಿಯೇ ತಿಳಿಯಬೇಕು. ಕೇಳಿದರೆ ‘ಇಷ್ಟೂ ಗೊತ್ತಾಗಲ್ವಾ’ ಅನ್ನಿಸಿಕೊಳ್ಳಬೇಕು.

ಇನ್ನು ಟ್ಯೂಬ್‌ಲೈಟಿನ ಮಿನುಗು, ಪಕ್ಕದವರ ಫೋನ್ ಮಾತು, ಎಸಿ ಸದ್ದು. ಆಟಿಸಂ ಇರುವ ಅನೇಕರ ಮಿದುಳು ಇವನ್ನು ಹಿನ್ನೆಲೆಗೆ ತಳ್ಳುವುದೇ ಇಲ್ಲ. (ಮಾನಸಿಕ ಸಮಸ್ಯೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ ಹೊರತಂದ ಕೈಪಿಡಿ, 2013ರ ಡಿಎಸ್‌ಎಂ-5 ಈ ಇಂದ್ರಿಯ ಸೂಕ್ಷ್ಮತೆಯನ್ನು ಆಟಿಸಂ ಗುರುತಿಸುವ ಲಕ್ಷಣಗಳಲ್ಲೇ ಸೇರಿಸಿದೆ.) ಅದರ ಮೇಲೆ ದಿನವಿಡೀ ಕಣ್ಣಿಗೆ ಕಣ್ಣು ಕೊಟ್ಟು, ಕೈ ಆಡಿಸುವುದನ್ನು ತಡೆಹಿಡಿದು ಎಲ್ಲರಂತೆ ಕಾಣಿಸಿಕೊಳ್ಳುವ ಶ್ರಮ, ಇದೇ ಮಾಸ್ಕಿಂಗ್. ಕಷ್ಟ ಹೊರಗೆ ಕಾಣದ್ದರಿಂದ ಸಹಾಯವೂ ಸಿಗುವುದಿಲ್ಲ. ತಿಂಗಳುಗಟ್ಟಲೆ ಹೀಗೇ ನಡೆದರೆ ಮಾತಾಡುವುದು, ಅಡುಗೆ, ಸ್ನಾನದಂಥ ದಿನನಿತ್ಯದ ಕೆಲಸಗಳೂ ಕೈಗೂಡದಂತಾಗಬಹುದು. ಇದನ್ನು ಸೋಮಾರಿತನ ಅನ್ನುವುದು ಅನ್ಯಾಯ.

ಮೇಲಧಿಕಾರಿಗಳು ಕೆಲಸವನ್ನು ಬರೆದು ಕೊಡಲಿ: ಏನು ಮಾಡಬೇಕು, ಯಾವಾಗಿನೊಳಗೆ, ಎಷ್ಟಾದರೆ ಮುಗಿದಂತೆ. ಬದಲಾವಣೆಯಿದ್ದರೆ ಹಿಂದಿನ ದಿನವೇ ತಿಳಿಸಲಿ. ಹೆಡ್‌ಫೋನ್ ಹಾಕಿಕೊಂಡರೆ ಆಕ್ಷೇಪಿಸಬಾರದು. ಸಂದರ್ಶನದ ಪ್ರಶ್ನೆಗಳನ್ನು ಮುಂಚೆಯೇ ಕಳಿಸಿದರೆ ನಿಜವಾದ ಸಾಮರ್ಥ್ಯ ಗೊತ್ತಾಗುತ್ತದೆ.