ನವೀಕರಣದ ಖರ್ಚು ಯಾರ ಲೆಕ್ಕಕ್ಕೆ? ಜಯನಗರದ ಮನೆ ಮಾರಾಟದ ಒಂದು ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಮನೆ ಮಾರಿ ಹಣ ಹಂಚಿಕೊಳ್ಳುವ ಬಗ್ಗೆ ನಮ್ಮ ಬಳಿ ಸಲಹೆಗೆ ಬಂದವರು ನಾಲ್ವರು: 83 ವರ್ಷದ ತಾಯಿ, ಅವರೊಂದಿಗೇ ಇರುವ ಮಗ, ಮೈಸೂರಿನ ಹಿರಿಮಗಳು, ವಿಡಿಯೊ ಕರೆಯಲ್ಲಿ ಅಮೆರಿಕದ ಕಿರಿಮಗಳು. ಆಸ್ತಿ ಬೆಂಗಳೂರಿನ ಜಯನಗರದಲ್ಲಿದೆ. 1948ರಲ್ಲಿ ಅಡಿಗಲ್ಲು ಬಿದ್ದ ಈ ಬಡಾವಣೆಯಲ್ಲಿ ತಂದೆಗೆ ಸಿಐಟಿಬಿಯಿಂದ (ಅಂದಿನ ನಗರ ಸುಧಾರಣಾ ಮಂಡಳಿ) 40×60 ಅಡಿಯ ನಿವೇಶನ ಸಿಕ್ಕಿತ್ತು. 1961ರಲ್ಲಿ ಮನೆ ಕಟ್ಟಿಸಿದರು. ರೆಡ್ ಆಕ್ಸೈಡ್ ನೆಲ, ತೇಗದ ಕಿಟಕಿ, ಮುಂದೆ ಹೊಂಗೆ ಮರ. ತಂದೆ ಉಯಿಲು ಬರೆಯದೆ ತೀರಿಕೊಂಡರು.

2018ರಲ್ಲಿ ಮಗ 42 ಲಕ್ಷ ಹಾಕಿ ಮನೆ ನವೀಕರಿಸಿದ್ದ. ಮಾರಿದ ಹಣದಲ್ಲಿ ಮೊದಲು ಅದನ್ನು ಬಡ್ಡಿಸಮೇತ ತೆಗೆದಿಟ್ಟು, ಉಳಿದದ್ದನ್ನು ಹಂಚಬೇಕೆಂಬುದು ಅವನ ಪಟ್ಟು. ಬಾಡಿಗೆಯಿಲ್ಲದೆ ಇದ್ದವನಿಗೆ ಬಡ್ಡಿ ಯಾಕೆ ಎಂದು ಅಕ್ಕತಂಗಿಯರ ಪ್ರಶ್ನೆ. ಮೂವರೂ "ಅಮ್ಮನ ಇಷ್ಟ" ಎನ್ನುತ್ತಿದ್ದರು. ಅಮ್ಮ ಮಾತ್ರ ತುಟಿ ಬಿಚ್ಚಿರಲಿಲ್ಲ.

ಮೊದಲು ಒಂದು ಕಹಿ ಮಾತು ಹೇಳಬೇಕಾಯಿತು. ಜಾಹೀರಾತಿನಲ್ಲಿ "ಹಳೆಯ ಸೊಬಗಿನ ನವೀಕೃತ ಮನೆ" ಎಂದು ಹಾಕಿಸಿದರೂ, ನೋಡಲು ಬಂದವರೆಲ್ಲ ಕೇಳಿದ್ದು ಎಷ್ಟು ಮಹಡಿ ಏರಿಸಬಹುದು ಎಂದು. ಇಂಥ ಕಡೆ ಬೆಲೆ ಕಟ್ಟುವುದು 2,400 ಚದರಡಿ ನೆಲಕ್ಕೆ. ಕೆಡವಿ ಕಟ್ಟುವವನಿಗೆ ಮಾಡ್ಯುಲರ್ ಅಡುಗೆಮನೆಯ ಬೆಲೆ ಸೊನ್ನೆ. ಹಾಗಾಗಿ 42 ಲಕ್ಷದಿಂದ ಮಾರಾಟದ ಬೆಲೆ ಏರಿದೆ ಎಂಬ ಮಗನ ಲೆಕ್ಕ ನಿಲ್ಲಲಿಲ್ಲ. ಅವನು ಏನೂ ಮಾಡಿಲ್ಲ ಎಂಬ ಹೆಣ್ಣುಮಕ್ಕಳ ಮಾತೂ ಸರಿಯಲ್ಲ.

ಬಿಲ್ಲುಗಳನ್ನು ತರಿಸಿ ಬೇರ್ಪಡಿಸಿದೆವು. ತಾರಸಿಯ ನೀರುಸೋರಿಕೆ ತಡೆ, ತುಕ್ಕುಹಿಡಿದ ಕಬ್ಬಿಣದ (ಜಿಐ) ಪೈಪಿನ ಬದಲು ಪ್ಲಾಸ್ಟಿಕ್ಕಿನ ಸಿಪಿವಿಸಿ, ಅರ್ಥಿಂಗ್ ಇಲ್ಲದ ಹಳೆ ವೈರಿಂಗ್ ಕಿತ್ತು ಹೊಸದು: 15 ಲಕ್ಷ. ಇದು ಮನೆ ಉಳಿಸಿದ ಖರ್ಚು, ಯಾರಿದ್ದರೂ ಮಾಡಲೇಬೇಕಾಗಿದ್ದದ್ದು. ಅಡುಗೆಮನೆ, ಸ್ನಾನಗೃಹ, ಫಾಲ್ಸ್ ಸೀಲಿಂಗ್, ರೆಡ್ ಆಕ್ಸೈಡ್ ಮೇಲೆ ಹಾಸಿದ ವಿಟ್ರಿಫೈಡ್ ಟೈಲ್ಸ್: 22 ಲಕ್ಷ. ಇದು ಅಭಿರುಚಿಯ ಖರ್ಚು, ಅನುಭವಿಸಿದ್ದೂ ಅವನೇ. (ಆ ನೆಲವನ್ನು ಮುಚ್ಚಿದ್ದು ನಷ್ಟವೇ. ಅದಕ್ಕೆ ಬೇಕಿದ್ದದ್ದು ಪಾಲಿಶ್ ಅಷ್ಟೆ.) ಗೇಟು, ಕಾರು ನಿಲ್ಲಿಸುವ ಮಾಡು 5 ಲಕ್ಷ. ಅದರ ಬಗ್ಗೆ ವಾದ ಬೇಡವೆಂದು ಅವನೇ ಬಿಟ್ಟ. 15 ಲಕ್ಷವನ್ನು ಹಂಚಿಕೆಗೆ ಮೊದಲು ತೆಗೆಯುವುದು, ಅವನು ಕೇಳುವ ಬಡ್ಡಿಗೆ ಅವನು ಕೊಡದ ಬಾಡಿಗೆಯನ್ನು ವಜಾ ಹಾಕಿ ಎರಡನ್ನೂ ಬಿಟ್ಟುಬಿಡುವುದು ಎಂಬ ಸಲಹೆಗೆ ಒಪ್ಪಿಗೆ ಸಿಕ್ಕಿತು. ಪಾಲು ನಾಲ್ಕಾದ್ದರಿಂದ ಆ 15ರಲ್ಲಿ 3.75 ಲಕ್ಷ ಅವನದೇ. ಉಳಿದವರಿಂದ ಬರುವುದು 11.25. ಈ ಅಂಕಿ ಕಾಗದದ ಮೇಲೆ ಬಂದದ್ದೇ ತಡ, ದನಿಗಳು ತಗ್ಗಿದವು.

ಪಾಲು ನಾಲ್ಕೇಕೆ ಎಂದರೆ, ಇದು ತಂದೆಯ ಸ್ವಯಾರ್ಜಿತ, ಅಂದರೆ ಅವರೇ ಗಳಿಸಿದ ಆಸ್ತಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿ, ಮಗ, ಹೆಣ್ಣುಮಕ್ಕಳಿಗೆ ಸಮಪಾಲು. ತಾಯಿಯ ಕಾಲುಪಾಲನ್ನು ಯಾರೂ ಎಣಿಸಿಯೇ ಇರಲಿಲ್ಲ, ಮೂರರಿಂದ ಭಾಗಿಸಿಕೊಂಡು ಬಂದಿದ್ದರು. ತಾಯಿಯನ್ನು ಮಕ್ಕಳಿಲ್ಲದೆ ಒಬ್ಬರನ್ನೇ ಕೂರಿಸಿ ಕೇಳಿದಾಗ ಅವರೆಂದದ್ದು ಇಷ್ಟೆ: ಮಾರಲು ಅಡ್ಡಿಯಿಲ್ಲ, ಆದರೆ ಮೂರು ಮನೆಗಳ ನಡುವೆ ಸರದಿಯ ಮೇಲೆ ತಿರುಗುವುದು ಬೇಡ. ಆದ್ದರಿಂದ ಅವರ ಪಾಲು ಅವರ ಹೆಸರಿನ ಬ್ಯಾಂಕ್ ಖಾತೆಗೇ, ಜಂಟಿ ಖಾತೆ ಬೇಡ. ವಾಸ ಎಲ್ಲೆಂಬುದು ಮುಂಗಡ ಹಣ ಪಡೆಯುವ ಮೊದಲೇ ಲಿಖಿತವಾಗಿ ತೀರ್ಮಾನವಾಗಬೇಕು ಎಂದು ತಿಳಿಸಿದೆವು. ಅವರು ತಮ್ಮ ಪಾಲನ್ನು ಬಿಟ್ಟುಕೊಟ್ಟು ಮಕ್ಕಳ ಹೆಸರಿಗೆ ಹಕ್ಕುಬಿಡುಗಡೆ ಪತ್ರ ಬರೆದುಕೊಡುವ ಯೋಚನೆಯನ್ನು ಬಿಡಿಸಿದೆವು. ನಾಲ್ವರೂ ಕೂಡಿ ಕ್ರಯಪತ್ರಕ್ಕೆ ಸಹಿ ಹಾಕಿದರೆ ಸಾಕು.

ದಾಖಲೆಗಳಲ್ಲಿ ಎಡವುವ ಜಾಗ ಒಂದಿತ್ತು. ಸಿಐಟಿಬಿ ನಿವೇಶನ ಕೊಡುತ್ತಿದ್ದದ್ದು ಲೀಸ್ ಕಂ ಸೇಲ್ (ಮೊದಲು ಗುತ್ತಿಗೆ, ಆಮೇಲೆ ಕ್ರಯ) ಕರಾರಿನ ಮೇಲೆ. ಅವಧಿ ಮುಗಿದ ಮೇಲೆ ಶುದ್ಧ ಕ್ರಯಪತ್ರ ಮಾಡಿಸಿಕೊಳ್ಳಬೇಕು. ಎಷ್ಟೋ ಮನೆಗಳಲ್ಲಿ ಅದು ಆಗಿರುವುದೇ ಇಲ್ಲ, ಆಗ ಸಿಐಟಿಬಿಯ ಜಾಗಕ್ಕೆ ಬಂದ ಬಿಡಿಎಗೆ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಅಲೆಯಬೇಕು. ಇಲ್ಲಿ ಆ ಕ್ರಯಪತ್ರ ಅಲ್ಮೆರಾದಲ್ಲಿ ಸಿಕ್ಕಿತು. ಆಮೇಲೆ ತಂದೆಯ ಮರಣ ಪ್ರಮಾಣಪತ್ರ, ವಂಶವೃಕ್ಷ, ಪಾಲಿಕೆಯ ಆಸ್ತಿ ದಾಖಲೆಯಲ್ಲಿ ನಾಲ್ವರ ಹೆಸರಿಗೆ ಖಾತೆ ಬದಲಾವಣೆ, ಅದರ ವಿದ್ಯುನ್ಮಾನ ರೂಪವಾದ ಇ-ಖಾತಾ. ಋಣಭಾರ ಪತ್ರವನ್ನು (ಆಸ್ತಿಯ ಮೇಲಿನ ಸಾಲ, ವ್ಯವಹಾರಗಳ ಪಟ್ಟಿ) 2004ರಿಂದೀಚೆಗೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಪಡೆದು, ಹಿಂದಿನದನ್ನು ಉಪನೋಂದಣಿ ಕಚೇರಿಯಲ್ಲಿ ಹುಡುಕಿಸಬೇಕು.

ಕಿರಿಮಗಳು ಬರಲಾರಳು. ಅವಳ ಅಧಿಕಾರಪತ್ರ ಭಾರತೀಯ ದೂತಾವಾಸದಲ್ಲಿ ದೃಢೀಕೃತವಾಗಬೇಕು ಅಥವಾ ನೋಟರಿ ಮಾಡಿಸಿ ಅಪೊಸ್ಟಿಲ್ (ಬೇರೆ ದೇಶದಲ್ಲೂ ಮಾನ್ಯವಾಗುವ ಸರ್ಕಾರಿ ದೃಢೀಕರಣ) ಹಾಕಿಸಬೇಕು. ರಾಜ್ಯಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಈ ಗಡುವು ಮೀರಿ ಪೇಚಾಡುವವರು ಬಹಳ. ಅವಳು ಅನಿವಾಸಿಯಾದ್ದರಿಂದ ಖರೀದಿದಾರ ಉಳಿದವರಿಗೆ ಹಿಡಿಯುವ ಶೇ. 1ರ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಸಾಲದು. ಅವಳ ಪಾಲಿನ ಮೇಲೆ ಶೇ. 12.5 ಮತ್ತು ಮೇಲ್ತೆರಿಗೆ, ಸೆಸ್ ಹಿಡಿಯಬೇಕಾಗುತ್ತದೆ. ಲಾಭದ ಮೇಲಷ್ಟೇ ಹಿಡಿಯುವಂತೆ ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ದರದ ಪ್ರಮಾಣಪತ್ರವನ್ನು ನೋಂದಣಿಗೆ ಮುಂಚೆಯೇ ತರಿಸಬೇಕು. ಲಾಭ ಲೆಕ್ಕ ಹಾಕಲು 2001ರ ಏಪ್ರಿಲ್ 1ರ ಮಾರುಕಟ್ಟೆ ಮೌಲ್ಯವನ್ನು ಮೂಲಬೆಲೆಯಾಗಿ ಹಿಡಿಯಬಹುದು. ಇಲ್ಲಿರುವ ಮೂವರಿಗೆ ಸೂಚ್ಯಂಕದೊಂದಿಗೆ (ಹಣದುಬ್ಬರಕ್ಕೆ ತಕ್ಕಂತೆ ಮೂಲಬೆಲೆ ಏರಿಸಿ) ಶೇ. 20, ಇಲ್ಲದೆ ಶೇ. 12.5 ಎಂಬ ಆಯ್ಕೆಯಿದೆ. ಅನಿವಾಸಿಗೆ ಆ ಆಯ್ಕೆಯಿಲ್ಲ. ತಾಯಿ ಹಿರಿಯರ ವಸತಿಧಾಮಕ್ಕೆ ಠೇವಣಿ ಇಟ್ಟರೆ ಅದು ಮನೆ ಕೊಂಡಂತಾಗದು, ಲಾಭದ ತೆರಿಗೆಯಿಂದ ವಿನಾಯಿತಿ ಸಿಗದು. ವಿನಾಯಿತಿಗಾಗಿ ಆರು ತಿಂಗಳೊಳಗೆ ನಿಗದಿತ ಬಾಂಡುಗಳಲ್ಲಿ 50 ಲಕ್ಷದವರೆಗೆ ಹಾಕಬಹುದು, ಐದು ವರ್ಷ ಮಾತ್ರ ತೆಗೆಯುವಂತಿಲ್ಲ. ಅವರ ವಯಸ್ಸಿಗೆ ಐದು ವರ್ಷ ದೊಡ್ಡದು, ಒಂದು ಭಾಗ ಕೈಗೆಟಕುವಂತಿರಲಿ ಎಂದೆವು.

ಕೊನೆಯದು ಮುಚ್ಚಿಡುವ ಪ್ರಶ್ನೆ. ಅಡುಗೆಮನೆ ತೆರೆಯಲು ಭಾರ ಹೊರುವ ಒಂಬತ್ತಿಂಚಿನ ಗೋಡೆಯನ್ನು ತೊಲೆ ಕೊಡದೆ ಒಡೆಸಿದ್ದರು. ಬಾಯಿಯ ಮೂಲೆಯಿಂದ ಓರೆಯಾಗಿ ಬಿರುಕು ಎದ್ದಿತ್ತು. ಪುಟ್ಟಿ ಹಾಕಿ ಬಣ್ಣ ಬಳಿಯೋಣವೆಂದ ಮಗನನ್ನು ತಡೆದೆವು. ಸ್ಟ್ರಕ್ಚರಲ್ ಇಂಜಿನಿಯರ್ ವರದಿ ಪಡೆದು, ಸದ್ಯಕ್ಕೆ ಆಧಾರಕಂಬ ಕೊಟ್ಟು, ವರದಿಯ ಪ್ರತಿಯನ್ನು ಕರಾರಿಗೆ ಲಗತ್ತಿಸುವುದೇ ಸರಿ. ಕೆಡವುವವನಿಗೆ ಬಿರುಕು ಲೆಕ್ಕಕ್ಕಿಲ್ಲ. ವಾಸಕ್ಕೆ ಬರುವವನು ಆಮೇಲೆ ಮೊಕದ್ದಮೆ ಹೂಡಿದರೆ ನಾಲ್ವರೂ ಹೊಣೆ. ಹೊಂಗೆ ಮರ ಕಡಿದು ಖಾಲಿ ಮಾಡಿಕೊಡಿ ಎಂದ ಖರೀದಿದಾರನಿಗೂ ಹಾಗೆಯೇ ಉತ್ತರಿಸಲು ತಿಳಿಸಿದೆವು: 1976ರ ಮರ ಸಂರಕ್ಷಣಾ ಕಾಯಿದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು, ಬೇಕಿದ್ದರೆ ಕೊಂಡವನೇ ಅರ್ಜಿ ಹಾಕಲಿ.